ಋಷ್ಯಶೃಂಗನಿಗೆ ತಿಳಿದುದು ಯಾವಾಗ?

ಕಳೆದ ಮಳೆಗಾಲದಲ್ಲಿ, ಮಳೆಯ ದೆಸೆಯಿಂದ ಶಾಲೆಗೆ ರಜೆ ಕೊಟ್ಟಿದ್ದ ಒಂದು ಮಧ್ಯಾಹ್ನ, ನಮ್ಮ ಮಗಳ ಮಗನು ನಮ್ಮ ಬೀರುವಿನಿಂದ ಮಹಾಭಾರತದ ಕನ್ನಡ ಅನುವಾದದ ಸಂಪುಟವೊಂದನ್ನು ತೆಗೆದು ಜಗುಲಿಯಲ್ಲಿ ಕುಳಿತು ಓದುತ್ತಿದ್ದನು. ಅವನಿಗೆ ಈಗ ಹತ್ತು ವರ್ಷ. ವನಪರ್ವದಲ್ಲಿ ಲೋಮಶಮುನಿಯು ಯುಧಿಷ್ಠಿರನಿಗೆ ಹೇಳುವ ಋಷ್ಯಶೃಂಗನ ಕಥೆ ಅವನ ಕೈಗೆ ಸಿಕ್ಕಿತ್ತು. ನಾವು ಅದನ್ನು ಕಂಡು ಮನಸ್ಸಿನಲ್ಲೇ ಸ್ವಲ್ಪ ಗಾಬರಿಗೊಂಡೆವೆಂಬುದನ್ನು ವಾಚಕರಿಂದ ಮುಚ್ಚಿಡುವುದಿಲ್ಲ. ಮೂವತ್ತು ವರ್ಷಕ್ಕೂ ಮಿಗಿಲಾಗಿ ಹುಡುಗರಿಗೆ ಸಂಸ್ಕೃತ ಹೇಳಿಕೊಟ್ಟ ನಾವು, ಆ ಕಥೆಯನ್ನು ತರಗತಿಯಲ್ಲಿ ಹೇಳಿದಾಗಲೆಲ್ಲ ನಡುವಿನ ಕೆಲವು ಶ್ಲೋಕಗಳನ್ನು ಹಾರಿಸಿಯೇ ಹೇಳಿದವರು. ಹುಡುಗನು ಏನನ್ನೂ ಹಾರಿಸದೆ ಕೊನೆಯವರೆಗೆ ಓದಿ, ಪುಸ್ತಕವನ್ನು ಮಡಿಲಲ್ಲಿಟ್ಟುಕೊಂಡು, “ತಾತ, ಅವಳು ಋಷಿ ಅಲ್ಲ ಅಂತ ಅವನಿಗೆ ಯಾವಾಗ ಗೊತ್ತಾಯಿತು?” ಎಂದು ಕೇಳಿದನು. ನಾವು ಕನ್ನಡಕವನ್ನು ಹಾಕಿಕೊಂಡು ಮೂಲವನ್ನು ತೆಗೆದು ನೋಡಿದೆವು. ಎಷ್ಟು ಹುಡುಕಿದರೂ ಆ ಪ್ರಶ್ನೆಗೆ ಅಲ್ಲಿ ಉತ್ತರ ಸಿಕ್ಕಲಿಲ್ಲ.

ಕಥೆಯು ಬಹುಮಂದಿಗೆ ತಿಳಿದದ್ದೇ. ವಿಭಾಂಡಕನ ಮಗನಾದ ಋಷ್ಯಶೃಂಗನು ಕಾಡಿನಲ್ಲಿಯೇ ಹುಟ್ಟಿ ಬೆಳೆದವನು. ತಂದೆಯನ್ನಲ್ಲದೆ ಬೇರೆ ಮನುಷ್ಯಮಾತ್ರರನ್ನು ಕಂಡವನಲ್ಲ. ಅಂಗದೇಶದಲ್ಲಿ ಮಳೆಯಿಲ್ಲದೆ ಕ್ಷಾಮ ಬಂದಿತು. ಈ ಹುಡುಗನು ತನ್ನ ನಾಡಿನಲ್ಲಿ ಕಾಲಿಟ್ಟರೆ ಮಳೆಯಾಗುವುದೆಂದು ಲೋಮಪಾದರಾಜನಿಗೆ ತಿಳಿಯಿತು. ವೃದ್ಧ ವೇಶ್ಯೆಯೊಬ್ಬಳು ಮುಂದೆ ಬಂದು, ದೋಣಿಯ ಮೇಲೆ ಹೂಗಿಡಬಳ್ಳಿಗಳಿಂದ ತುಂಬಿದ ಆಶ್ರಮವೊಂದನ್ನು ಕಟ್ಟಿಸಿ, ತಂದೆಯು ಮನೆಯಲ್ಲಿಲ್ಲದ ವೇಳೆ ನೋಡಿ ತನ್ನ ಮಗಳನ್ನು ಹುಡುಗನ ಬಳಿಗೆ ಕಳುಹಿಸಿದಳು. ಅವಳು ತನ್ನ ಆಶ್ರಮವು ಬೆಟ್ಟದಾಚೆ ಮೂರು ಯೋಜನ ದೂರದಲ್ಲಿದೆಯೆಂದಳು, ಅಪ್ಪಿಕೊಳ್ಳುವುದೇ ತಮ್ಮ ವ್ರತವೆಂದಳು, ಅವನು ಕೊಟ್ಟ ಕಾಡುಹಣ್ಣನ್ನು ಬಿಟ್ಟು ತಾನು ತಂದ ಭಕ್ಷ್ಯಗಳನ್ನು ಕೊಟ್ಟಳು, ಚೆಂಡಾಡಿದಳು, ಅಗ್ನಿಹೋತ್ರದ ಹೊತ್ತಾಯಿತೆಂದು ನೆಪ ಹೇಳಿ ಹೊರಟುಹೋದಳು.

ಮುಂದೆ ಬರುವುದು ಆ ಪರ್ವದಲ್ಲಿಯೇ ಅಪೂರ್ವವಾದ ಭಾಗ. ನಾವು ತರಗತಿಯಲ್ಲಿ ಹಾರಿಸುತ್ತಿದ್ದುದೂ ಅದನ್ನೇ. ಸಂಜೆ ತಂದೆಯು ಬಂದು ನೋಡುತ್ತಾನೆ: ಸಮಿತ್ತು ಸಿದ್ಧವಾಗಿಲ್ಲ, ಹೋಮ ನಡೆದಿಲ್ಲ, ಮಗನು ನಿಟ್ಟುಸಿರು ಬಿಡುತ್ತ ಕುಳಿತಿದ್ದಾನೆ. ಯಾರು ಬಂದಿದ್ದರೆಂದು ಕೇಳಲು, ಹುಡುಗನು ತಾನು ಕಂಡದ್ದನ್ನು ಕಂಡಂತೆಯೇ ವರ್ಣಿಸುತ್ತಾನೆ. ಬಂದವನು ಜಟಾಧಾರಿಯಾದ ಒಬ್ಬ ಬ್ರಹ್ಮಚಾರಿ, ಬಹಳ ಗಿಡ್ಡನೂ ಅಲ್ಲ, ಬಹಳ ಎತ್ತರವೂ ಅಲ್ಲ, ಬಂಗಾರದ ಬಣ್ಣ, ಜಡೆಯನ್ನು ಹೊನ್ನಿನ ದಾರದಿಂದ ಕಟ್ಟಿತ್ತು, ಕಾಲಲ್ಲಿ ಏನೋ ಹಂಸದಂತೆ ಉಲಿಯುತ್ತಿತ್ತು, ಕೈಯಲ್ಲಿದ್ದ ದುಂಡನೆಯ ಹಣ್ಣು ನೆಲಕ್ಕೆ ಬಡಿದರೆ ಮತ್ತೆ ಮೇಲಕ್ಕೆ ಏಳುತ್ತಿತ್ತು. ಒಡವೆಯೆಂದರೇನೆಂದು ಅರಿಯದವನಿಗೆ ಕಾಲಂದುಗೆಯು ಹಂಸವಾಯಿತು. ಆಟವನ್ನರಿಯದವನಿಗೆ ಚೆಂಡು ಹಣ್ಣಾಯಿತು. ತನಗಿದ್ದ ಶಬ್ದಗಳೆಲ್ಲ ಕಾಡಿನವು. ಅವುಗಳಿಂದಲೇ ಅವನು ಊರನ್ನು ಹೇಳಬೇಕಾಯಿತು. ಕೊನೆಗೆ, ಆ ಬ್ರಹ್ಮಚಾರಿಯ ಬಳಿಗೆ ಹೋಗಿ ಅವನೊಡನೆ ಅದೇ ವ್ರತವನ್ನು ಆಚರಿಸುವೆನೆಂದು ತಂದೆಯಲ್ಲಿಯೇ ಬೇಡುತ್ತಾನೆ. ಇದನ್ನು ಓದಿ ನಗುವವರುಂಟು. ನಮಗಾದರೋ ವಯಸ್ಸಾದಂತೆ ನಗು ಕಡಮೆಯಾಗುತ್ತ ಬಂದಿದೆ.

ಈ ಸ್ಥಿತಿಗೆ ಮುಗ್ಧತೆಯೆಂದು ಹೆಸರು. ‘ಮುಗ್ಧ’, ‘ಮೂಢ’ ಎಂಬೆರಡೂ ‘ಮುಹ್’ ಎಂಬ ಒಂದೇ ಧಾತುವಿನಿಂದ ಬಂದ ರೂಪಗಳು. ಒಂದನ್ನು ಕೇಳಿದರೆ ಮುದ್ದು ಬರುತ್ತದೆ, ಮತ್ತೊಂದನ್ನು ಕೇಳಿದರೆ ಸಿಟ್ಟು. ಮನೆಗಳಲ್ಲಿ ಮಕ್ಕಳನ್ನು ಹದಿಮೂರು ಹದಿನಾಲ್ಕರವರೆಗೆ ಮೊದಲನೆಯ ಹೆಸರಿನಿಂದ ಕರೆದು, ಅನಂತರ ಒಂದು ದಿನ ಇದ್ದಕ್ಕಿದ್ದಂತೆ ಎರಡನೆಯದರಿಂದ ಕರೆಯತೊಡಗುತ್ತೇವೆ. ನಡುವೆ ಯಾರು ಏನನ್ನು ಹೇಳಿಕೊಟ್ಟರೆಂದು ವಿಚಾರಿಸುವುದಿಲ್ಲ.

ವಿಭಾಂಡಕನು ಏನು ಹೇಳಿದನು? ಅವರು ರಾಕ್ಷಸರು, ತಪಸ್ಸನ್ನು ಕೆಡಿಸುವುದಕ್ಕಾಗಿ ಚೆಲುವಾದ ರೂಪಗಳಿಂದ ತಿರುಗುವವರು, ಎಂದನು. ಹೇಳಿ ಮೂರು ದಿನ ಅವಳನ್ನು ಕಾಡಿನಲ್ಲಿ ಹುಡುಕಿ ಬರಿಗೈಯಲ್ಲಿ ಹಿಂದಿರುಗಿದನು. ಅವನು ಮತ್ತೆ ಹಣ್ಣು ತರಲು ಹೋದಾಗ ಅವಳು ಬಂದಳು. ಹುಡುಗನು ಎದ್ದು ಓಡಿಹೋಗಿ, ತಂದೆ ಬರುವುದರೊಳಗಾಗಿ ನಿನ್ನ ಆಶ್ರಮಕ್ಕೆ ಹೋಗೋಣವೆಂದನು. ಇಲ್ಲಿ ಗಮನಿಸತಕ್ಕ ಅಂಶವೊಂದಿದೆ. ಹೊರಗಿನಿಂದ ಬಂದವಳು ಹೇಳಿದುದು ಸುಳ್ಳು. ಆದರೆ ಮನೆಯ ಹಿರಿಯನು ಹೇಳಿದುದೂ ನಿಜವಲ್ಲ. ಎರಡರಲ್ಲಿ ಯಾವುದು ಹೆಚ್ಚು ಇಂಪಾಗಿತ್ತೋ ಅದನ್ನು ಹುಡುಗನು ನಂಬಿದನು. ದೋಣಿ ಅಂಗದೇಶಕ್ಕೆ ತಲುಪಿತು, ಮಳೆ ಸುರಿಯಿತು, ರಾಜನು ತನ್ನ ಮಗಳು ಶಾಂತೆಯನ್ನು ಕೊಟ್ಟು ಮದುವೆ ಮಾಡಿದನು. ವಿಭಾಂಡಕನ ಕೋಪವನ್ನೂ, ದಾರಿಯುದ್ದಕ್ಕೂ ಗೋವಳರಿಂದ ಸತ್ಕಾರ ಮಾಡಿಸಿ ಅದನ್ನು ಇಳಿಸಿದ ಉಪಾಯವನ್ನೂ ಕವಿಯು ವಿಸ್ತಾರವಾಗಿ ಹೇಳುತ್ತಾನೆ. ಹುಡುಗನ ಮನಸ್ಸಿನಲ್ಲಿ ಏನಾಯಿತೆಂದು ಒಂದು ಮಾತೂ ಇಲ್ಲ.

ಅಶ್ವಘೋಷನ ಬುದ್ಧಚರಿತದಲ್ಲಿ ಆ ಘಳಿಗೆಯು ತಪ್ಪದೆ ಬರುತ್ತದೆ. ರಾಜಕುಮಾರನ ಕಣ್ಣಿಗೆ ನೋವು ಬೀಳಬಾರದೆಂದು ತಂದೆಯು ಬೀದಿಯಿಂದ ಮುದುಕರನ್ನೂ ರೋಗಿಗಳನ್ನೂ ದೂರ ಮಾಡಿಸಿರುತ್ತಾನೆ. ಆದರೂ ಮುದುಕನೊಬ್ಬನು ಎದುರಾಗುತ್ತಾನೆ. ಇದು ಇವನೊಬ್ಬನಿಗೋ, ನನಗೂ ಬರುವುದೋ ಎಂದು ಕುಮಾರನು ಕೇಳಿದಾಗ ಸಾರಥಿಯು ಇದ್ದದ್ದನ್ನು ಇದ್ದಂತೆ ಹೇಳಿಬಿಡುತ್ತಾನೆ. ದೇವತೆಗಳು ಅವನ ಬುದ್ಧಿಯನ್ನು ಮಂಕುಗೊಳಿಸಿದ್ದರಿಂದ ಹಾಗೆ ಹೇಳಿದನಂತೆ! ಮಕ್ಕಳಿಗೆ ನಿಜ ಹೇಳಬೇಕಾದರೆ ಹಿರಿಯರ ಬುದ್ಧಿ ಅಷ್ಟು ಮಂಕಾಗಬೇಕೆ?

ನಮಗೆ ಈ ಮಾತು ಹೃದಯಕ್ಕೆ ತಾಗುವುದಕ್ಕೆ ಕಾರಣವುಂಟು. 1974ರಲ್ಲಿ, ನಮಗೆ ಒಂಬತ್ತು ವರ್ಷವಾಗಿದ್ದಾಗ, ನಮ್ಮ ತಮ್ಮನಿಗೆ ಜ್ವರ ಬಂದು ಪಟ್ಟಣದ ಆಸ್ಪತ್ರೆಗೆ ಕರೆದುಕೊಂಡು ಹೋದರು. ಅಪ್ಪ ಅಮ್ಮ ಇಬ್ಬರೇ ಹಿಂದಿರುಗಿದರು. ಮಗುವನ್ನು ಅಜ್ಜಿಯ ಮನೆಯಲ್ಲಿ ಬಿಟ್ಟಿದೆಯೆಂದು ನಮಗೆ ಹೇಳಿದರು. ನಾವು ಅವನ ಬುಗುರಿಗೆ ಹೊಸ ದಾರ ಹೊಸೆದು, ಗೂಡಿನಲ್ಲಿ ಜೋಪಾನವಾಗಿಟ್ಟು, ದಸರೆಯವರೆಗೆ ಕಾದೆವು. ನಿಜವನ್ನು ಹೇಳಿದವನು ಗೋಲಿಯಾಟದಲ್ಲಿ ನಮ್ಮಿಂದ ಸೋತು ಸಿಟ್ಟಾದ ನೆರೆಮನೆಯ ಹುಡುಗ. ಅಂದು ರಾತ್ರಿ ನಮಗೆ ಅಳು ಬಂದುದು ತಮ್ಮನಿಗಾಗಿಯೋ, ಇಷ್ಟು ದಿನವೂ ಅಪ್ಪನ ಮುಖವನ್ನು ನೋಡಿ ನಂಬಿದುದಕ್ಕಾಗಿಯೋ, ಇಂದಿಗೂ ಬೇರ್ಪಡಿಸಿ ಹೇಳಲಾರೆವು. ಬಹುಕಾಲದ ಮೇಲೆ, ತಂದೆಯವರು ಹಾಸಿಗೆ ಹಿಡಿದಿದ್ದಾಗ ಆ ಮಾತನ್ನು ಎತ್ತಿದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ನೀನಾದರೂ ನಿದ್ದೆ ಮಾಡಲಿ ಅಂತ ಇತ್ತಪ್ಪ” ಎಂದರು. ವಿಭಾಂಡಕನ ಮೇಲೆ ನಾವು ಪೂರ್ತಿಯಾಗಿ ಕೋಪಿಸಿಕೊಳ್ಳಲಾರದುದು ಅಂದಿನಿಂದ.

ಹಾಗೆಂದು ನಮ್ಮ ಗ್ರಂಥಗಳಲ್ಲಿ ಬೇರೆ ಬಗೆಯ ಹಿರಿಯರಿಲ್ಲವೆಂದಲ್ಲ. ಛಾಂದೋಗ್ಯದಲ್ಲಿ ಸತ್ಯಕಾಮನು ಗುರುಕುಲಕ್ಕೆ ಹೊರಟು ತನ್ನ ಗೋತ್ರವೇನೆಂದು ತಾಯಿಯನ್ನು ಕೇಳುತ್ತಾನೆ. ಯೌವನದಲ್ಲಿ ಹಲವೆಡೆ ಪರಿಚಾರಿಕೆ ಮಾಡುತ್ತಿದ್ದಾಗ ನಿನ್ನನ್ನು ಪಡೆದೆ, ಗೋತ್ರವನ್ನು ಅರಿಯೆ, ನಾನು ಜಬಾಲೆ, ನೀನು ಸತ್ಯಕಾಮ ಎಂದು ಜಬಾಲೆಯು ಹೇಳುತ್ತಾಳೆ. ಹುಡುಗನು ಆ ಮಾತನ್ನೇ ಹೊತ್ತುಕೊಂಡು ಹೋಗಿ ಗೌತಮನ ಮುಂದೆ ಒಪ್ಪಿಸುತ್ತಾನೆ. ಗುರುವು ಸಮಿತ್ತನ್ನು ತಾರೆಂದು ಉಪನಯನಕ್ಕೆ ಅಣಿಯಾಗುತ್ತಾನೆ. ಗುರುವಿನ ಔದಾರ್ಯವನ್ನು ಎಲ್ಲರೂ ಹೊಗಳುವರು. ಆದರೆ ಹೆತ್ತ ಮಗನ ಕಣ್ಣನ್ನು ನೋಡುತ್ತ ಅಂಥ ಮಾತನ್ನು ಆಡುವುದು ಗುರುವಿನ ಕೆಲಸಕ್ಕಿಂತ ಎಷ್ಟು ಕಠಿನ!

ನಮ್ಮ ಕಾಲದ ಕನ್ನಡದಲ್ಲಿಯೂ ಇಂಥ ಹುಡುಗನೊಬ್ಬನಿದ್ದಾನೆ. ಅನಂತಮೂರ್ತಿಯವರ ‘ಘಟಶ್ರಾದ್ಧ’ದ ಕಥೆಯನ್ನು ಗಿರೀಶ ಕಾಸರವಳ್ಳಿಯವರು 1977ರಲ್ಲಿ ಚಲನಚಿತ್ರವಾಗಿ ಮಾಡಿದರು. ವೇದ ಕಲಿಯಲು ಬಂದ ಪುಟ್ಟ ನಾಣಿಯು, ತನ್ನನ್ನು ಅಕ್ಕರೆಯಿಂದ ಕಂಡ ಬಾಲವಿಧವೆ ಯಮುನಕ್ಕನನ್ನು, ಬದುಕಿರುವಾಗಲೇ ಸತ್ತವಳೆಂದು ಕ್ರಿಯೆ ಮಾಡಿ ಹೊರಹಾಕುವುದನ್ನು ಕಾಣುತ್ತಾನೆ. ಅವನಿಗೆ ಯಾರೂ ಏನನ್ನೂ ವಿವರಿಸುವುದಿಲ್ಲ. ಅಲ್ಲಿ ಮುಗ್ಧತೆಯನ್ನು ಕಳೆದವರು ದೋಣಿಯಲ್ಲಿ ಬಂದ ಪರಕೀಯರಲ್ಲ. ಮಂತ್ರ ಹೇಳಿಕೊಡುತ್ತಿದ್ದ ಮನೆಯವರೇ.

ಮೊಮ್ಮಗನ ಪ್ರಶ್ನೆ ಹಾಗೆಯೇ ಉಳಿದಿತ್ತು. ಮಳೆ ನಿಂತ ಮೇಲೆ ಅವನನ್ನು ಶೃಂಗೇರಿಗೂ ಅಲ್ಲಿಂದ ಕಿಗ್ಗಕ್ಕೂ ಕರೆದುಕೊಂಡು ಹೋದೆವು. ಋಷ್ಯಶೃಂಗನ ಹೆಸರಿನಿಂದಲೇ ಶೃಂಗೇರಿಗೆ ಆ ಹೆಸರು ಬಂದಿತೆಂದು ಐತಿಹ್ಯ. ಕಿಗ್ಗದಲ್ಲಿ ಋಷ್ಯಶೃಂಗೇಶ್ವರನ ಗುಡಿಯಿದೆ. ಮಳೆ ಬೇಕೆಂದೂ, ಅತಿಯಾದರೆ ಸಾಕೆಂದೂ ಜನರು ಅಲ್ಲಿ ಪೂಜೆ ಮಾಡಿಸುತ್ತಾರೆ. ಮಂಗಳಾರತಿಯಾದ ಮೇಲೆ ಪ್ರಾಕಾರದಲ್ಲಿ ಕುಳಿತು, ಕವಿಯು ಅದನ್ನು ಹೇಳಿಲ್ಲವೆಂದೂ, ನಮಗೂ ತಿಳಿಯದೆಂದೂ ಅವನಿಗೆ ಒಪ್ಪಿಕೊಂಡೆವು. ಹಾರಿಸಿದ ಶ್ಲೋಕಗಳ ವಿಷಯವನ್ನೂ ಹೇಳಿದೆವು. ಅವನು ತೆಂಗಿನಕಾಯಿಯ ಚೂರನ್ನು ಅಗಿಯುತ್ತ ಯೋಚಿಸಿದನು.

“ಶಾಂತೆ ಹೇಳಿರಬೇಕು ತಾತ. ಕೊನೆಯಲ್ಲಿ ಅವಳೂ ಅವನ ಜೊತೆ ಕಾಡಿಗೆ ಹೋದಳಲ್ಲ.”

ಹೋದುದು ನಿಜ. ಮಗನು ಹುಟ್ಟಿದ ಮೇಲೆ ಋಷ್ಯಶೃಂಗನು ತಂದೆಯಿದ್ದ ಕಾಡಿಗೇ ಹಿಂದಿರುಗಿದನೆಂದೂ, ಶಾಂತೆಯು ಅವನನ್ನು ಹಿಂಬಾಲಿಸಿದಳೆಂದೂ ಲೋಮಶನು ಹೇಳುತ್ತಾನೆ. ನಾವು ಆ ಮಾತನ್ನು ಎಷ್ಟೋ ಸಲ ಓದಿದ್ದೆವು.