ಏಳು ಚುಕ್ಕಿಯ ಉಡುಗೊರೆ

ನಮ್ಮಲ್ಲಿ ಅನೇಕ ಮನೆಗಳಲ್ಲಿ ಚಾಕುವನ್ನು ಕೈಯಿಂದ ಕೈಗೆ ಕೊಡುವುದಿಲ್ಲ. ಕೆಳಗಿಡುತ್ತಾರೆ, ಬೇಕಾದವರು ಎತ್ತಿಕೊಳ್ಳುತ್ತಾರೆ. ಕೈಗೆ ಕೊಟ್ಟರೆ ಜಗಳವಾಗುತ್ತದೆ ಎನ್ನುವುದು ಹಿರಿಯರ ಮಾತು. ಇಂಥದೇ ಅಂಜಿಕೆ ಇಂಗ್ಲೆಂಡ್, ಫ್ರಾನ್ಸ್, ಅಮೆರಿಕಗಳಲ್ಲೂ ಇದೆ. ಚಾಕುವನ್ನು ಉಡುಗೊರೆ ಕೊಟ್ಟರೆ ಸ್ನೇಹ ಕಡಿದುಹೋಗುತ್ತದಂತೆ. ಅದಕ್ಕೆ ಪರಿಹಾರವನ್ನೂ ಅವರೇ ಕಂಡುಕೊಂಡಿದ್ದಾರೆ. ಚಾಕು ಪಡೆದವರು ಕೊಟ್ಟವರ ಕೈಗೆ ಒಂದು ಚಿಲ್ಲರೆ ನಾಣ್ಯ ಇಡಬೇಕು. ಆಗ ಅದು ಕೊಂಡ ವಸ್ತುವಾಗುತ್ತದೆ, ಸ್ನೇಹ ಉಳಿಯುತ್ತದೆ. ಎಷ್ಟೋ ಸಲ ಕೊಡುವವರೇ ಚಾಕುವಿನ ಜೊತೆ ಒಂದು ಸೆಂಟಿನ ನಾಣ್ಯವನ್ನೂ ಇಟ್ಟಿರುತ್ತಾರೆ, ಅದನ್ನೇ ತಮಗೆ ಮರಳಿಸಲಿ ಎಂದು.

ಅಮೆರಿಕದ ಜೇಬುಚಾಕು ಸಂಗ್ರಾಹಕರ ಬಳಗದಲ್ಲಿ ಈ ನಾಣ್ಯಕ್ಕೆ ಬಿಡುವಿಲ್ಲ. ಸಂಗ್ರಾಹಕರೆಂದರೆ ಕೂಡಿಡುವವರು ಎಂದು ನಾವು ತಿಳಿಯುತ್ತೇವೆ. ಇವರಲ್ಲಿ ಬಹಳ ಮಂದಿ ಕೊಡುವುದಕ್ಕೆಂದೂ ಕೂಡಿಡುತ್ತಾರೆ.

ಇವರು ಪ್ರೀತಿಸುವುದು ಹಳೆಯ ಮಾದರಿಯ ಮಡಚುವ ಚಾಕುವನ್ನು. ಅಂಗೈಯಲ್ಲಿ ಅಡಗುವ ಗಾತ್ರ, ಮೂಳೆ, ಮರ ಅಥವಾ ಕೊಂಬಿನ ಹಿಡಿ, ಒಂದೋ ಎರಡೋ ಮೂರೋ ಅಲಗು. ಅಲಗನ್ನು ಬಿಗಿಯುವ ಲಾಕ್ ಇರುವುದಿಲ್ಲ. ಬೆನ್ನಿನ ಉದ್ದಕ್ಕೆ ಕೂರಿಸಿದ ಉಕ್ಕಿನ ಪಟ್ಟಿಯೇ ಸ್ಪ್ರಿಂಗಿನಂತೆ ಒತ್ತಿ ಹಿಡಿದಿರುತ್ತದೆ. ಅಲಗು ನಯವಾಗಿ ಹೊರಳುವುದನ್ನು ‘ವಾಕ್’ ಎಂದೂ ಕೊನೆಗೆ ಟಕ್ಕನೆ ಕೂರುವ ಸದ್ದನ್ನು ‘ಟಾಕ್’ ಎಂದೂ ಕರೆಯುತ್ತಾರೆ. ಕನ್ನಡದಲ್ಲಿ ಹೇಳುವುದಾದರೆ ನಡೆ-ನುಡಿ. ಅದು ಚೆನ್ನಾಗಿದ್ದರೆ ಚಾಕುವಿಗೆ ಮರ್ಯಾದೆ.

ಚಾಕು ಹಿಡಿಯುವವರಲ್ಲೂ ನಡೆ-ನುಡಿ ಇರಬೇಕು. ನೋಡಲೆಂದು ಮಡಚಿ ಕೊಟ್ಟಿದ್ದನ್ನು ಮಡಚಿಯೇ ಹಿಂದಿರುಗಿಸಬೇಕು. ಅಲಗಿನ ಮೇಲೆ ಬೆರಳಿಡಬಾರದು, ಬೆವರು ತಾಗಿದರೆ ತುಕ್ಕು ಹಿಡಿಯುತ್ತದೆ.

ಇಂಥ ಚಾಕು ತಯಾರಿಸುವ ಕಸುಬಿನ ದೊಡ್ಡ ತವರು ಇಂಗ್ಲೆಂಡಿನ ಶೆಫೀಲ್ಡ್. ಅಲ್ಲಿನ ಚಾಕು ತಯಾರಕರ ಸಂಘ 1624ರಷ್ಟು ಹಳೆಯದು. ಶೆಫೀಲ್ಡಿನಲ್ಲಿ ಹುಟ್ಟಿದ ಬಾರ್ಲೋ ಚಾಕು ಅಮೆರಿಕದ ಹುಡುಗರ ಜೇಬು ಸೇರಿತು. ಮಾರ್ಕ್ ಟ್ವೇನ್ 1876ರಲ್ಲಿ ಪ್ರಕಟಿಸಿದ ಕಾದಂಬರಿಯಲ್ಲಿ, ಬೈಬಲ್ ಸಾಲುಗಳನ್ನು ಬಾಯಿಪಾಠ ಮಾಡಿದ ಟಾಮ್ ಸಾಯರ್‌ಗೆ ಅವನ ಸೋದರಸಂಬಂಧಿ ಮೇರಿ ಕೊಡುವ ಬಹುಮಾನ ಹೊಸ ಬಾರ್ಲೋ. ಬೆಲೆ ಹನ್ನೆರಡೂವರೆ ಸೆಂಟ್, ಹುಡುಗನ ಸಂತೋಷಕ್ಕೆ ಬೆಲೆಯಿಲ್ಲ.

ನಮ್ಮ ಕಾಡೂ ಈ ಕಥೆಯಲ್ಲಿದೆ. ಹಿಡಿಗೆ ಬಳಸುತ್ತಿದ್ದ ಕೊಂಬುಗಳಲ್ಲಿ ಅತ್ಯಂತ ಬೇಡಿಕೆಯಿದ್ದದ್ದು ಭಾರತದ ಕಡವೆಯ ಕೊಂಬಿಗೆ. ಅದರ ರಫ್ತನ್ನು ಭಾರತ 1990ರ ದಶಕದ ಕೊನೆಯಲ್ಲಿ ನಿಲ್ಲಿಸಿತು. ಹಳೆಯ ಕಡವೆ ಕೊಂಬಿನ ಹಿಡಿಯಿರುವ ಚಾಕುವನ್ನು ಈಗ ಯಾರಾದರೂ ಗೆಳೆಯನಿಗೆ ಕೊಟ್ಟರೆಂದರೆ ಅದು ಸಣ್ಣ ತ್ಯಾಗವಲ್ಲ.

ಅಮೆರಿಕದಲ್ಲಿ ಹೆಚ್ಚು ಸಂಗ್ರಹವಾಗುವ ಹೆಸರುಗಳಲ್ಲೊಂದು ‘ಕೇಸ್’. ಕೇಸ್ ಸಹೋದರರು ನ್ಯೂಯಾರ್ಕ್ ರಾಜ್ಯದಲ್ಲಿ 1889ರಲ್ಲಿ ಶುರುಮಾಡಿದ ಚಾಕು ವ್ಯಾಪಾರ ಇದರ ಮೂಲ. 1905ರಿಂದ ಕಂಪನಿಯ ನೆಲೆ ಪೆನ್ಸಿಲ್ವೇನಿಯಾದ ಬ್ರಾಡ್‌ಫರ್ಡ್. ಅಲಗಿನ ಬುಡದಲ್ಲಿ ಒತ್ತಿದ ಮುದ್ರೆಯೇ ಈ ಚಾಕುಗಳ ಜಾತಕ. 1970ರಲ್ಲಿ ಮುದ್ರೆಯ ಕೆಳಗೆ ಹತ್ತು ಚುಕ್ಕಿ ಹಾಕಿದರು, ಆಮೇಲೆ ವರ್ಷಕ್ಕೊಂದರಂತೆ ತೆಗೆಯುತ್ತ ಬಂದರು. ಹಾಗಾಗಿ 1973ರ ಚಾಕುವಿಗೆ ಏಳು ಚುಕ್ಕಿ, 1979ರದಕ್ಕೆ ಒಂದೇ. 1980ರಲ್ಲಿ ಅಕ್ಷರದ ಶೈಲಿ ಬದಲಿಸಿ ಮತ್ತೆ ಹತ್ತರಿಂದ ಎಣಿಕೆ ಶುರುವಾಯಿತು.

ತಯಾರಾದ ವರ್ಷ ಗುರುತಿಸಲು ಹಾಕಿದ ಈ ಚುಕ್ಕಿಗಳಿಂದ ಸಂಗ್ರಾಹಕರು ಒಂದು ಸಂಪ್ರದಾಯವನ್ನೇ ಬೆಳೆಸಿಕೊಂಡರು. ಗೆಳೆಯ 1973ರಲ್ಲಿ ಹುಟ್ಟಿದವನೇ? ಹಾಗಿದ್ದರೆ ಅವನಿಗಾಗಿ ಏಳು ಚುಕ್ಕಿಯ ಚಾಕು ಹುಡುಕಬೇಕು. ಚಾಕು ಮೇಳಗಳಲ್ಲಿ ಮೇಜಿನಿಂದ ಮೇಜಿಗೆ ನಡೆದು, ಭೂತಗನ್ನಡಿ ಹಿಡಿದು ಚುಕ್ಕಿ ಎಣಿಸಬೇಕು. ಹೀಗೆ ಸಿಕ್ಕಿದ್ದನ್ನು ಒರೆಸಿ, ಎಣ್ಣೆ ಹಾಕಿ, ಸೆಂಟ್ ನಾಣ್ಯದ ಜೊತೆ ಕೊಡುತ್ತಾರೆ. ದುಡ್ಡು ಕೊಟ್ಟು ಕೊಳ್ಳಬಹುದಾದ ವಸ್ತುವೇ ಸರಿ. ಆದರೆ ತನಗಾಗಿ ಇನ್ನೊಬ್ಬರು ಸವೆಸಿದ ಹೊತ್ತನ್ನು ಕೊಳ್ಳಲಾಗದು. ಈ ಬಳಗದ ದೊಡ್ಡಸ್ತಿಕೆಯನ್ನು ನಾನು ಕಾಣುವುದು ಇಲ್ಲಿಯೇ. ಹೊಸದಾಗಿ ಬಂದವರಿಗೆ ಹಳಬರು ತಮ್ಮದೊಂದನ್ನು ಕೊಟ್ಟುಬಿಡುವುದೂ ಇದೇ ಮನಸ್ಸಿನಿಂದ.

ಕೊಡುವವರು ಹೇಳುವ ಮಾತೊಂದೇ: ಪೆಟ್ಟಿಗೆಯಲ್ಲಿಡಬೇಡ, ಬಳಸು. ಹಳೆಯ ಕಾರ್ಬನ್ ಉಕ್ಕಿನ ಅಲಗಿನಿಂದ ಸೇಬು ಹೆಚ್ಚಿದರೆ ಹಣ್ಣಿನ ಹುಳಿಗೆ ಅದು ನೀಲಿ ಛಾಯೆಯ ಬೂದುಬಣ್ಣಕ್ಕೆ ತಿರುಗುತ್ತದೆ. ಆ ಕಲೆಯನ್ನು ಯಾರೂ ಉಜ್ಜಿ ತೆಗೆಯುವುದಿಲ್ಲ, ಅದು ಉಕ್ಕನ್ನು ತುಕ್ಕಿನಿಂದಲೂ ಒಂದಿಷ್ಟು ಕಾಯುತ್ತದೆ. ಬುಡದಲ್ಲಿ ಏಳು ಚುಕ್ಕಿ ಹಾಗೆಯೇ ಇರುತ್ತವೆ. ಅಲಗು ಮಾತ್ರ ವರ್ಷದಿಂದ ವರ್ಷಕ್ಕೆ, ಪಡೆದವನ ಮನೆಯ ಹಣ್ಣಿನ ಬಣ್ಣಕ್ಕೆ ತಿರುಗುತ್ತ ಅವನದಾಗುತ್ತದೆ.