ಹಾಲು ಬಿಡಿಸುವ ಮುನ್ನ ಕರುವಿನ ಹೊಟ್ಟೆಯನ್ನು ಅಣಿಗೊಳಿಸಿರಿ

ನಮ್ಮ ಜತ್ತ ಸೀಮೆಯಲ್ಲಿ ಸಂಕರ ತಳಿಯ ಆಕಳು ಸಾಕಿದವರ ಲೆಕ್ಕಾಚಾರ ಸರಳವಾದುದು. ಡೇರಿಗೆ ಹಾಕಿದ ಹಾಲಿಗೆ ಬಿಲ್ಲು ಬರುತ್ತದೆ. ಕರು ಕುಡಿದ ಹಾಲಿಗೆ ಬರುವುದಿಲ್ಲ. ಆದ್ದರಿಂದ ತಿಂಗಳು ತುಂಬಿತೋ ಇಲ್ಲವೋ, ಕರುವಿನ ಮುಂದೆ ನಾಲ್ಕು ಎಸಳು ಕಣಿಕೆ ಚೆಲ್ಲಿ ಹಾಲು ನಿಲ್ಲಿಸಿಬಿಡುತ್ತಾರೆ.

ನಾವೂ ಈ ತಪ್ಪು ಮಾಡಿದವರೇ. ಹೀಗೆ ಹಾಲು ಬಿಡಿಸಿದ ನಮ್ಮದೊಂದು ಹೆಣ್ಣುಗರುವಿನ ಹೊಟ್ಟೆ ಗಡಿಗೆಯಂತಾಯಿತು, ಪಕ್ಕೆಲುಬು ಎಣಿಸುವಂತಾದವು. ಕರು ಸಾಯಲಿಲ್ಲ. ಆದರೆ ಅದರ ಓರಗೆಯ ನೆರೆಮನೆಯ ಮಣಕ ಈದು ಹಾಲು ಕೊಡತೊಡಗಿದಾಗ ನಮ್ಮದು ಇನ್ನೂ ಬೆದೆಗೇ ಬಂದಿರಲಿಲ್ಲ. ಉಳಿಸಿದ ಹಾಲಿನ ಹಣ ಎಲ್ಲಿ ಹೋಯಿತೆಂದು ಬೇರೆ ಹೇಳಬೇಕಾಗಿಲ್ಲ.

ಕಾರಣವೇನು? ದನಕ್ಕೆ ಹೊಟ್ಟೆಯ ಭಾಗಗಳು ನಾಲ್ಕು. ಮೇವು ನೆನೆದು ಹುದುಗುವ ಮೊದಲನೆಯ ದೊಡ್ಡ ಹೊಟ್ಟೆ ಎಳೆಗರುವಿನಲ್ಲಿ ಬರಿಯ ಚಿಕ್ಕ ಚೀಲ. ಕರು ಹಾಲು ಚೀಪುವಾಗ ಗಂಟಲಿನ ಕೆಳಗೆ ಒಂದು ಕಾಲುವೆ ಮಡಿಚಿಕೊಂಡು, ಹಾಲು ಆ ಚೀಲವನ್ನು ದಾಟಿ ನೇರವಾಗಿ ನಾಲ್ಕನೆಯ ಹೊಟ್ಟೆಗೆ ಇಳಿಯುತ್ತದೆ. ಹೀಗಾಗಿ ಹಾಲೊಂದರಿಂದಲೇ ದೊಡ್ಡ ಹೊಟ್ಟೆ ಬೆಳೆಯಲಾರದು. ಹುಲ್ಲು ಅದನ್ನು ಹಿಗ್ಗಿಸುತ್ತದೆ. ಆದರೆ ಸಾರವನ್ನು ಹೀರುವ ಒಳಗಿನ ಎಸಳುಗಳು ಬೆಳೆಯುವುದು ಕಾಳಿನ ನುಚ್ಚು ಹುದುಗಿ ಹುಟ್ಟುವ ಆಮ್ಲಗಳಿಂದ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ವಾರ್ನರ್, ಫ್ಲಾಟ್ ಮತ್ತು ಲೂಸ್ಲಿ ಎಂಬವರು 1956ರಷ್ಟು ಹಿಂದೆಯೇ ಈ ವಿಷಯ ಪ್ರಕಟಿಸಿದ್ದಾರೆ. ನಮ್ಮ ಕರುವಿನ ಗಡಿಗೆಹೊಟ್ಟೆಯಲ್ಲಿ ಕಣಿಕೆ ತುಂಬಿತ್ತು, ಅದನ್ನು ಅರಗಿಸುವ ಶಕ್ತಿ ಇರಲಿಲ್ಲ.

ಆದುದರಿಂದ ಎರಡನೆಯ ವಾರದಿಂದಲೇ ನುಚ್ಚಿನ ರುಚಿ ಹತ್ತಿಸಬೇಕು. ಹಾಲು ಕುಡಿದೊಡನೆ ಒಂದು ಚಿಟಿಕೆ ಬಾಯಿಗೆ ಸವರಿದರೆ ಕ್ರಮೇಣ ತಾನೇ ನೆಕ್ಕುತ್ತದೆ. ನೂರು ಕಿಲೋ ಮಿಶ್ರಣಕ್ಕೆ ಗೋವಿನಜೋಳದ ತರಿ 50, ಶೇಂಗಾ ಹಿಂಡಿ 30, ಗೋದಿ ಬೂಸಾ 17, ಖನಿಜ ಮಿಶ್ರಣ 2, ಉಪ್ಪು 1 ಕಿಲೋ ಸಾಕು. ಕಾಳನ್ನು ಹಿಟ್ಟು ಮಾಡಬಾರದು, ತರಿಯಾಗಿಯೇ ಇರಲಿ. ಬೂಸ್ಟು ಹಿಡಿದ ಹಿಂಡಿ ಕೂಡದು. ದೊಡ್ಡ ದನಗಳ ಚೀಲದ ಆಹಾರದಲ್ಲಿ ಯೂರಿಯಾ ಇದ್ದರೆ ಅದನ್ನು ಎಳೆಗರುವಿಗೆ ಹಾಕಲೇಬೇಡಿರಿ. ತಿಂದು ಉಳಿದುದನ್ನು ದಿನವೂ ತೆಗೆದು ಹೊಸದನ್ನಿಡಬೇಕು. ಎಂಜಲು ಹುಳಿತರೆ ಕರು ಮೂಸಿ ನೋಡುವುದಿಲ್ಲ.

ಇನ್ನು ನೀರು. “ಹಾಲು ಕುಡಿಯುತ್ತದಲ್ಲ, ನೀರೇಕೆ?” ಎಂದು ನಮ್ಮ ಮನೆಯಲ್ಲಿ ಹಿರಿಯರು ಕೇಳುತ್ತಿದ್ದರು. ಹಾಲು ದೊಡ್ಡ ಹೊಟ್ಟೆಗೆ ಹೋಗುವುದಿಲ್ಲವೆಂದು ಮೇಲೆ ಹೇಳಿದೆವಷ್ಟೆ. ನುಚ್ಚು ಹುದುಗಬೇಕಾದರೆ ಅಲ್ಲಿ ನೀರು ಬೇಕು. ಬೇಸಿಗೆಯಲ್ಲಿ ಕೊಡ ನೀರಿಗೆ ಮೈಲಿ ನಡೆಯುವ ಊರಿನಲ್ಲಿ ಇದು ಕಷ್ಟದ ಮಾತೇ ಸರಿ. ಆದರೂ ಕರುವಿನ ಬೋಗುಣಿ ಬರಿದಾಗಬಾರದು.

ಹಾಲು ಬಿಡಿಸುವ ದಿನವನ್ನು ಪಂಚಾಂಗ ನೋಡಿ ಗೊತ್ತುಮಾಡುವಂತಿಲ್ಲ. ಸಂಕರ ಕರು ಮೂರು ದಿನ ಬಿಡದೆ ಮುಕ್ಕಾಲರಿಂದ ಒಂದು ಕಿಲೋ ನುಚ್ಚು ತಿಂದರೆ ಅದು ಸಿದ್ಧವಾಯಿತು. ಸಾಮಾನ್ಯವಾಗಿ ಎರಡು-ಮೂರು ತಿಂಗಳಿಗೆ ಈ ಹದ ಬರುತ್ತದೆ. ಆಮೇಲೂ ಒಮ್ಮೆಲೆ ನಿಲ್ಲಿಸದೆ ಹತ್ತು-ಹದಿನಾಲ್ಕು ದಿನಗಳಲ್ಲಿ ಮೂರು ಲೀಟರನ್ನು ಎರಡಕ್ಕೆ, ಎರಡನ್ನು ಒಂದಕ್ಕೆ ಇಳಿಸಿರಿ. ಅದೇ ವಾರ ಕೋಡು ಸುಡುವುದು, ಜಾಗ ಬದಲಿಸುವುದು ಬೇಡ. ಕರು ಬಿಡದೆ ಸೊರ ಬಿಡದ ಖಿಲಾರಿ ಆಕಳಿಗೆ, ಎಮ್ಮೆಗೆ ಈ ಕ್ರಮ ಹಾಗೆಯೇ ಹೊಂದದು. ಅಲ್ಲಿ ಮೊಲೆ ಉಣ್ಣಿಸುತ್ತಲೇ ಪಕ್ಕದಲ್ಲಿ ನುಚ್ಚಿಡಬೇಕು. ಎಮ್ಮೆಗರುವಿಗೆ ತಾಯಿಯ ಹಾಲಿನಿಂದಲೇ ಜಂತು ಬರುವುದುಂಟು. ಹತ್ತು-ಹದಿನೈದು ದಿನದೊಳಗೆ ಪಶುವೈದ್ಯರನ್ನು ಕೇಳಿ ಔಷಧ ಹಾಕಿಸಿರಿ.

ಬೆಳವಣಿಗೆಯನ್ನು ಕಣ್ಣಳತೆಗೆ ಬಿಡಬೇಡಿರಿ, ಹೊಟ್ಟೆ ಮೋಸ ಮಾಡುತ್ತದೆ. ಮುಂಗಾಲಿನ ಹಿಂದೆ ಎದೆಯ ಸುತ್ತಳತೆ, ಭುಜದಿಂದ ಪೃಷ್ಠದ ಎಲುಬಿನವರೆಗೆ ಉದ್ದ, ಎರಡನ್ನೂ ಅಂಗುಲದಲ್ಲಿ ತೆಗೆಯಿರಿ. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಗುಣಿಸಿ, 660ರಿಂದ ಭಾಗಿಸಿದರೆ ಅಂದಾಜು ತೂಕ ಕಿಲೋದಲ್ಲಿ ಬರುತ್ತದೆ. ಸುತ್ತಳತೆ 32, ಉದ್ದ 30 ಇದ್ದರೆ ಸುಮಾರು ನಲವತ್ತಾರೂವರೆ ಕಿಲೋ. ವಾರಕ್ಕೊಮ್ಮೆ ಅಳೆದು ಗೋಡೆಯ ಮೇಲೆ ಬರೆದಿಡಿರಿ. ಹಾಲು ಇಳಿಸುವ ದಿನಗಳಲ್ಲಿ ಅಂಕಿ ಹಿಂದೆ ಸರಿದರೆ ಮತ್ತೆ ಒಂದು ವಾರ ಹಾಲು ಕೊಡಿರಿ. ದರ್ಜಿಯ ಪಟ್ಟಿ ಒಂದಿದ್ದರಾಯಿತು, ಲೆಕ್ಕ ಮಾಡಲು ಮನೆಯಲ್ಲಿ ಶಾಲೆಗೆ ಹೋಗುವ ಮಗುವಿದೆ.