ಪ್ರೋಗ್ರಾಮರ್‌ಗೆ ಗೊತ್ತಿರಬೇಕಾದ ಲೋಹ

ಸಿಎನ್‌ಸಿ (ಕಂಪ್ಯೂಟರ್ ನಿಯಂತ್ರಿತ) ಯಂತ್ರದ ಪ್ರೋಗ್ರಾಮರ್ ದಿನನಿತ್ಯ ಬಳಸುವ ಸಂಕೇತಗಳು ಹೆಚ್ಚೇನಿಲ್ಲ. ಜಿ00 ಎಂದು ಬರೆದರೆ ಟೂಲ್ ಪೂರ್ತಿ ವೇಗದಲ್ಲಿ ಹೇಳಿದ ಜಾಗಕ್ಕೆ ಹೋಗುತ್ತದೆ. ಜಿ01 ಎಂದರೆ ಕೊಟ್ಟ ಫೀಡ್‌ನಲ್ಲಿ, ಅಂದರೆ ಟೂಲ್ ಮುಂದೆ ಸಾಗುವ ವೇಗದಲ್ಲಿ, ನೇರ ಗೆರೆ ಹಿಡಿದು ಕತ್ತರಿಸುತ್ತದೆ. ಜಿ02, ಜಿ03 ಕಮಾನಿನಂತೆ ಸಾಗುವುದಕ್ಕೆ. ಎಂ03 ಸ್ಪಿಂಡಲ್ ತಿರುಗಿಸುತ್ತದೆ, ಎಂ08 ಕೂಲಂಟ್ ಬಿಡುತ್ತದೆ. ಇಷ್ಟನ್ನು ಕೆಲವೇ ದಿನಗಳಲ್ಲಿ ಕಲಿಯಬಹುದು. ವರ್ಷಗಳು ಹಿಡಿಯುವುದು ಲೋಹದ ಸ್ವಭಾವ ತಿಳಿಯಲು.

ಡ್ರಾಯಿಂಗ್ ಕೈಗೆ ಬಂದಾಗ ಪ್ರೋಗ್ರಾಮರ್ ಮೊದಲು ಯೋಚಿಸುವುದು ಜಾಬನ್ನು (ಕತ್ತರಿಸಬೇಕಾದ ಲೋಹದ ತುಂಡನ್ನು) ಹಿಡಿಯುವುದು ಹೇಗೆ, ಯಾವ ಮುಖ ಮೊದಲು ಎಂದು. ತೆಳು ಗೋಡೆಯ ಅಲ್ಯೂಮಿನಿಯಂ ಜಾಬನ್ನು ವೈಸ್‌ನಲ್ಲಿ ಬಿಗಿಯಾಗಿ ಹಿಡಿದು ಕತ್ತರಿಸಿದರೆ, ಯಂತ್ರದ ಮೇಲಿರುವವರೆಗೆ ಅಳತೆ ಸರಿಯಾಗೇ ಇರುತ್ತದೆ. ಸಡಿಲಿಸಿದೊಡನೆ ಗೋಡೆ ಬಾಗುತ್ತದೆ. ಆದ್ದರಿಂದ ಮೊದಲ ಒರಟು ಕತ್ತರಿಕೆಯಾದ ರಫಿಂಗ್‌ನಲ್ಲಿ ಸ್ವಲ್ಪ ಲೋಹ ಉಳಿಸಿ, ಹಿಡಿತ ಬಿಟ್ಟು, ಹಗುರಾಗಿ ಮತ್ತೆ ಹಿಡಿದು ಫಿನಿಶಿಂಗ್ ಮಾಡಬೇಕು. ಸಂಕೀರ್ಣ ಆಕಾರಗಳಿಗೆ ಕ್ಯಾಮ್ ತಂತ್ರಾಂಶ ಸಾವಿರಾರು ಸಾಲು ಬರೆದುಕೊಡುತ್ತದೆ, ನಿಜ. ಹಿಡಿತದ ಬಗೆ, ಕತ್ತರಿಸುವ ಕ್ರಮ ಇವನ್ನು ಮಾತ್ರ ಮನುಷ್ಯನೇ ತೀರ್ಮಾನಿಸಬೇಕಾಗುತ್ತದೆ.

ವೇಗಕ್ಕೂ ಲೆಕ್ಕವಿದೆ. 20 ಮಿ.ಮೀ. ವ್ಯಾಸದ ಎಂಡ್ ಮಿಲ್ ನಿಮಿಷಕ್ಕೆ 100 ಮೀಟರ್ ವೇಗದಲ್ಲಿ ಕತ್ತರಿಸಬೇಕಾದರೆ ಸ್ಪಿಂಡಲ್ ನಿಮಿಷಕ್ಕೆ ಸುಮಾರು 1,590 ಸುತ್ತು ತಿರುಗಬೇಕು. ಟೂಲಿಗೆ 4 ಹಲ್ಲು, ಒಂದೊಂದು ಹಲ್ಲು ಸುತ್ತಿಗೆ 0.05 ಮಿ.ಮೀ. ಕಡಿಯುವುದಾದರೆ ಫೀಡ್ ನಿಮಿಷಕ್ಕೆ ಸುಮಾರು 318 ಮಿ.ಮೀ. ಪುಸ್ತಕದ ಈ ಲೆಕ್ಕ ಆರಂಭಕ್ಕೆ ಸಾಕು; ಟೂಲ್ ಅದುರುವ ಸದ್ದು ಕೇಳಿ ತಿದ್ದಿಕೊಳ್ಳುವುದು ಅನುಭವಕ್ಕೆ ಸೇರಿದ್ದು.

ಇಲ್ಲಿ ಅಳತೆಯ ಮಾತು ಮೈಕ್ರಾನ್‌ಗಳಲ್ಲಿ; ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ. ಒಂದು ಮೀಟರ್ ಉದ್ದದ ಉಕ್ಕು ಒಂದು ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಸುಮಾರು 11–12 ಮೈಕ್ರಾನ್ ಹಿಗ್ಗುತ್ತದೆ. ಅದಕ್ಕೇ ನಿಖರ ಅಳತೆಗೆ 20 ಡಿಗ್ರಿಯನ್ನು ಮಾನಕ ಉಷ್ಣಾಂಶವೆಂದು ಗೊತ್ತುಮಾಡಲಾಗಿದೆ. ಯಂತ್ರದಿಂದ ಈಗಷ್ಟೇ ಇಳಿಸಿದ ಬಿಸಿ ಜಾಬನ್ನು ಅಳೆದು ಆಫ್‌ಸೆಟ್ (ಯಂತ್ರಕ್ಕೆ ಕೊಡುವ ಅಳತೆಯ ತಿದ್ದುಪಡಿ) ಬದಲಿಸುವುದು ಅವಸರದ ಕೆಲಸ.

ಚಿಕ್ಕ ತಪ್ಪಿಗೂ ಇಲ್ಲಿ ಬೆಲೆ ದೊಡ್ಡದು. ಅನೇಕ ಕಂಟ್ರೋಲರ್‌ಗಳಲ್ಲಿ 50ರ ನಂತರ ದಶಮಾಂಶ ಬಿಂದು ಇಡಲು ಮರೆತರೆ ಯಂತ್ರ ಅದನ್ನು 50 ಮಿಲಿಮೀಟರ್ ಎನ್ನದೆ 50 ಮೈಕ್ರಾನ್ ಎಂದೇ ಓದಿಕೊಳ್ಳುತ್ತದೆ. ಹೀಗಾಗಿ ಹೊಸ ಪ್ರೋಗ್ರಾಮನ್ನು ಮೊದಲು ಲೋಹ ಮುಟ್ಟದಂತೆ ಗಾಳಿಯಲ್ಲಿ ಓಡಿಸಿ, ಬಳಿಕ ಒಂದೊಂದೇ ಸಾಲು ನಡೆಸಿ ನೋಡುವ ರೂಢಿ.

1953ರಲ್ಲಿ ಬೆಂಗಳೂರಿನಲ್ಲಿ ಎಚ್‌ಎಂಟಿ ಸ್ಥಾಪನೆಯಾದ ಕರ್ನಾಟಕಕ್ಕೆ ಯಂತ್ರೋಪಕರಣ ಉದ್ಯಮದ ನಂಟು ಹಳೆಯದು. ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದ ವರ್ಕ್‌ಶಾಪ್‌ಗಳಲ್ಲಿ ಅದು ಇಂದಿಗೂ ಜೀವಂತ. ಎಸ್ಸೆಸ್ಸೆಲ್ಸಿ ಮುಗಿಸಿ ಈ ಕೆಲಸಕ್ಕೆ ಬರಬಯಸುವವರಿಗೆ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರಗಳಲ್ಲಿ ಟೂಲ್ ಅಂಡ್ ಡೈ ಡಿಪ್ಲೊಮಾ ಇದೆ.